ಚೆನ್ನಪ್ಪ ಮೇಸ್ತ್ರಿಯ ಬಾಯಿ

ಚೆನ್ನಪ್ಪ ಮೇಸ್ತ್ರಿ ಕಣ್ಣಿಗೆ ಬೀಳುವುದಕ್ಕಿಂತ ಎಷ್ಟೋ ಮೊದಲೇ ಕಿವಿಗೆ ಬೀಳುತ್ತಿದ್ದರು. ಬೆಳಿಗ್ಗೆ ತೋಟದ ಮೇಲೆ ಮಂಜು ಇನ್ನೂ ಕೂತೇ ಇರುವಾಗ ಕೆಳಗಿನ ಕೂಲಿ ಲೈನುಗಳ, ಅಂದರೆ ಆಳುಗಳ ಸಾಲುಮನೆಗಳ, ಕಡೆಯಿಂದ ಒಂದು ಗಂಟಲು ಮೇಲೇರಿ ಬರುತ್ತಿತ್ತು. "ಏಳ್ರೇ ಮುಂಡೇರಾ, ಸೂರ್ಯ ನೆತ್ತಿಗ್ ಬಂದ!" ಸೂರ್ಯ ಎಲ್ಲಿಂದ ಬರಬೇಕು, ನಮ್ಮ ಕಡೆ ಒಂಬತ್ತು ಗಂಟೆಯಾದರೂ ಅವನ ಸುಳಿವಿರುತ್ತಿರಲಿಲ್ಲ. ಆ ಕೂಗಿಗೆ ಲೈನಿನ ಹೆಂಗಸರು ಏಳುತ್ತಿದ್ದರು, ನಾಯಿಗಳು ಏಳುತ್ತಿದ್ದವು, ಮೇಲಿನ ಕ್ವಾರ್ಟರ್ಸಿನಲ್ಲಿ ಕಂಬಳಿ ಹೊದ್ದು ಮಲಗಿದ್ದ ನಾನೂ ಏಳುತ್ತಿದ್ದೆ. ಅಮ್ಮ ಒಲೆಯ ಮುಂದೆ ಕೂತು, "ಶುರುವಾಯ್ತು ನೋಡು ಸುಪ್ರಭಾತ" ಎಂದು ಗೊಣಗುತ್ತಿದ್ದಳು.

ನಮ್ಮಪ್ಪ ಕೊಟ್ಟಿಗೆಹಾರದಿಂದ ಒಳಗಿದ್ದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಹಾಜರಿ ಬರೆಯುವುದು, ಗೊಬ್ಬರ ಬಂದದ್ದು ಹೋದದ್ದು ನೋಡಿಕೊಳ್ಳುವುದು ಅವರ ಕೆಲಸ. ಆಳುಗಳನ್ನು ತೋಟಕ್ಕೆ ಇಳಿಸಿ, ಹಿಂದೆ ನಿಂತು ಕೆಲಸ ಮಾಡಿಸುವುದು ಚೆನ್ನಪ್ಪ ಮೇಸ್ತ್ರಿಯದು. ತೊಂಬತ್ತರ ದಶಕದ ಮಾತು ಇದು. ಮೇಸ್ತ್ರಿ ನೋಡಿದರೆ ಒಂದು ಹಿಡಿ ಆಳು. ಮೊಣಕೈ ಹರಿದ ಹಸಿರು ಸ್ವೆಟರು, ಖಾಕಿ ಚಡ್ಡಿ, ಎಲೆ ಅಡಿಕೆಯಿಂದ ಕೆಂಪಾದ ಬಾಯಿ. ಅಷ್ಟು ಸಣ್ಣ ದೇಹದಿಂದ ಅಷ್ಟು ದೊಡ್ಡ ಕೂಗು ಹೇಗೆ ಹೊರಡುತ್ತಿತ್ತೋ ದೇವರಿಗೇ ಗೊತ್ತು. ಆಚೆ ಗುಡ್ಡದಲ್ಲಿ ನಿಂತು ಬೈದರೆ ಈಚೆ ಗುಡ್ಡದಲ್ಲಿ ಬಗ್ಗಿದವರು ಬೆನ್ನು ನೆಟ್ಟಗೆ ಮಾಡುತ್ತಿದ್ದರು.

ಅವರ ಮಾತಿನಲ್ಲಿ ಆ ಒಂದು ಪದ ಇಲ್ಲದ ವಾಕ್ಯವನ್ನು ನಾನು ಕೇಳಿದ್ದೇ ಕಡಿಮೆ. ಮುಂಡೆ. ಗಂಡ ಸತ್ತವಳನ್ನು ಹೀನಾಯ ಮಾಡಲು ಹುಟ್ಟಿದ ಮಾತು ಅದು. ಮೇಸ್ತ್ರಿ ಮಾತ್ರ ಅದನ್ನು ಎಲೆ ಅಡಿಕೆಯ ಹಾಗೆ ಸುಮ್ಮನೆ ಅಗಿಯುತ್ತಿದ್ದರು. ಸ್ಪ್ರೇಯರ್ ಸ್ಟಾರ್ಟ್ ಆಗದಿದ್ದರೆ "ಈ ಮುಂಡೇದಕ್ಕೆ ಎಂತ ಬಂತು ಮಾರಾಯ". ಕಾಲಿಗೆ ರಕ್ತ ಹೀರುವ ಇಂಬಳ ಹತ್ತಿದರೆ ಇಂಬಳ ಮುಂಡೇದು, ಮಳೆ ಬಿಡದಿದ್ದರೆ ಮಳೆ ಮುಂಡೇದು. ಗಂಡಾಳು ತಪ್ಪು ಮಾಡಿದರೆ ಅವನು ಮುಂಡೇಮಗ, ಬೋಳಿಮಗ. ಅಂದರೆ ತಪ್ಪು ಮಗನದು, ಬೈಸಿಕೊಳ್ಳುವುದು ಎಲ್ಲೋ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಅವನ ತಾಯಿ! ಮರ ಹತ್ತಲು ಹೆದರಿದವನಿಗೆ "ಸೀರೆ ಉಟ್ಕೊಂಡ್ ಬಾ ಹೋಗು" ಎನ್ನುತ್ತಿದ್ದರು. ಅದೇ ಎಸ್ಟೇಟಿನಲ್ಲಿ ಸೀರೆ ಉಟ್ಟವರು ಗೊಬ್ಬರದ ಬುಟ್ಟಿ ಹೊತ್ತು ಆ ಕಡಿದಾದ ಇಳಿಜಾರು ಹತ್ತಿ ಇಳಿಯುತ್ತಿದ್ದದ್ದು ಅವರ ಕಣ್ಣ ಮುಂದೆಯೇ ಇತ್ತು. ಇದೆಲ್ಲ ನನಗೆ ಆಗಲೇ ಹೊಳೆದಿತ್ತು ಅಂದರೆ ಶುದ್ಧ ಸುಳ್ಳು. ನಮಗೆಲ್ಲ ಅದು ತಮಾಷೆ.

ತಮಾಷೆ ಮಾತ್ರವಲ್ಲ, ಪ್ರೀತಿಯೂ ಹೌದು. ನನಗೆ ಸೈಕಲ್ ಕಲಿಸಿದ್ದು ಅವರೇ. ಕಾಫಿ ಕಣದಲ್ಲಿ ಸೀಟಿನ ಹಿಂದೆ ಹಿಡಿದುಕೊಂಡು ಓಡುತ್ತಾ, "ಮುಂದೆ ನೋಡೇ ಮುಂಡೇದೇ, ತುಳಿ, ತುಳಿ, ನಾನಿದೀನಿ" ಎಂದು ಕೂಗುತ್ತಿದ್ದರು. ಬಿದ್ದಾಗ ಮೊಣಕಾಲಿಗೆ ಕಾಫಿಪುಡಿ ಮೆತ್ತಿದ್ದೂ ಅವರೇ. ನಾನು ಎಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಾಗ ಒಂದು ಗೊನೆ ಬಾಳೆಹಣ್ಣು ಹೊತ್ತು ಮನೆಗೆ ಬಂದು, "ಗಂಡಸಿನ್ ಹಂಗೆ ಪಾಸಾಗಿದೆ ನೋಡಿ ರೈಟ್ರೇ ಮುಂಡೇದು!" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಗಂಡಸಿನ ಹಾಗೆ ಪಾಸಾಗಿ ಮುಂಡೆ ಅನ್ನಿಸಿಕೊಂಡವಳು ಇಡೀ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಅದಕ್ಕೂ ಮುಂಚಿನದೊಂದು ನೆನಪಿದೆ. ನಾನಿನ್ನೂ ಚಿಕ್ಕವಳು. ಹಾಲಿನ ಪಾತ್ರೆಗೆ ಬಾಯಿ ಹಾಕಿದ ಬೆಕ್ಕಿಗೆ, ಮೇಸ್ತ್ರಿಯದೇ ರಾಗದಲ್ಲಿ, "ಹೋಗೇ ಮುಂಡೆ" ಅಂದೆ. ಅಪ್ಪ ಎದ್ದು ಬಂದು ಕೆನ್ನೆಗೆ ಬಾರಿಸಿದರು. ಅಲ್ಲ ಮಾರಾಯ್ರೆ, ಹಿಂದಿನ ವಾರವಷ್ಟೇ ನಮ್ಮಣ್ಣ ಯಾರಿಗೋ ಬೋಳಿಮಗ ಅಂದಾಗ ಇದೇ ಅಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕಿದ್ದರು! ಜಗಲಿಯಲ್ಲಿ ಕೂತಿದ್ದ ಮೇಸ್ತ್ರಿ ಓಡಿ ಬಂದು ನನ್ನನ್ನು ಎತ್ತಿಕೊಂಡರು. "ಹೊಡೀಬೇಡಿ ರೈಟ್ರೇ, ಮಗು ಕಲ್ತಿದ್ದು ನನ್ನಿಂದಾನೇ." ಆಮೇಲೆ ನನ್ನ ಕಣ್ಣು ಒರೆಸುತ್ತಾ ಮೆತ್ತಗೆ ಬುದ್ಧಿ ಹೇಳಿದರು. "ನೀನ್ ಹೆಣ್ಮಗು ಕಣೇ ಮುಂಡೇದೇ, ನೀನ್ ಹಂಗೆಲ್ಲ ಅನ್ಬಾರ್ದು."

ಎದುರು ಮಾತಾಡಿದವಳು ಒಬ್ಬಳೇ, ಲೈನಿನ ಗೌರಕ್ಕ. ಕಾಫಿ ಹಣ್ಣು ಕುಯ್ಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಒಂದು ದಿನ ಬುಟ್ಟಿ ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಮೇಸ್ತ್ರಿ, ನನ್ ಗಂಡ ಕುಡುಕ ಆದ್ರೂ ಬದುಕಿದಾನೆ. ಇನ್ನೊಂದ್ ಸಲ ನನ್ನ ಹಂಗಂದ್ರೆ ನೋಡಿ ಮತ್ತೆ!" ಮೇಸ್ತ್ರಿ ಪೆಚ್ಚಾದರು. "ಬಾಯಿ ಮಾತು ಮಾರಾಯ್ತಿ, ಹೊಟ್ಟೇಲಿ ಎಂತದೂ ಇಲ್ಲ" ಅಂದರು. ಹೊಟ್ಟೆಯಲ್ಲಿ ನಿಜವಾಗಿಯೂ ಏನೂ ಇರಲಿಲ್ಲ, ಅದು ಗೌರಕ್ಕನಿಗೂ ಗೊತ್ತಿತ್ತು. ಆದರೆ ಅವತ್ತಿನಿಂದ ಎಸ್ಟೇಟಿನ ಗಂಡಸರ ಬಾಯಲ್ಲಿ ಅವಳು ಬಜಾರಿ ಗೌರಿಯಾದಳು. ದಿನಾ ಬೈಯುವವರು ಬಾಯಿ ಜೋರು ಮನಸ್ಸು ಒಳ್ಳೇದು ಅನ್ನಿಸಿಕೊಂಡು ಓಡಾಡಿಕೊಂಡಿದ್ದರು, ಒಂದೇ ಒಂದು ದಿನ ಬೇಡ ಅಂದವಳು ಬಜಾರಿ. ಇವತ್ತಿಗೂ ಇದನ್ನು ನೆನೆದರೆ ನನಗೆ ಮೈ ಉರಿಯುತ್ತದೆ.

ಮೇಸ್ತ್ರಿಗೆ ಒಬ್ಬಳೇ ಮಗಳು, ಲಲಿತ. ನನ್ನ ಓರಗೆಯವಳು. ತಾಯಿ ಇಲ್ಲದ ಹುಡುಗಿ. ಜಡೆ ಹಾಕುವುದರಿಂದ ಹಿಡಿದು ಜ್ವರ ಬಂದಾಗ ಗಂಜಿ ಕುಡಿಸುವವರೆಗೆ ಎಲ್ಲ ಆ ಮನುಷ್ಯನೇ ಮಾಡಿದ್ದು. ಅವಳ ಜಡೆ ಯಾವಾಗಲೂ ಒಂದು ಕಡೆ ವಾಲಿರುತ್ತಿತ್ತು, ಸ್ಕೂಲಿಗೆ ನಡೆಯುವ ದಾರಿಯಲ್ಲಿ ನಾನು ಬಿಚ್ಚಿ ಸರಿಯಾಗಿ ಹಾಕುತ್ತಿದ್ದೆ. ಎಸ್ಸೆಲ್ಸಿ ಮುಗಿದ ಮೇಲೆ ನಾನು ಚಿಕ್ಕಮಗಳೂರಿನ ಹಾಸ್ಟೆಲ್ ಸೇರಿದೆ, ಅವಳು ಮದುವೆಯಾಗಿ ಕಳಸದ ಕಡೆ ಹೋದಳು. ಹುಡುಗ ಪಿಕಪ್ ಓಡಿಸುತ್ತಿದ್ದ, ಒಳ್ಳೆಯವನೇ. ಜಾಂಡೀಸ್ ಬಂತು. ಆಸ್ಪತ್ರೆಗೆ ಹೋಗುವುದು ಬಿಟ್ಟು ಅವರಿವರು ಹೇಳಿದ ಸೊಪ್ಪಿನ ರಸ ಕುಡಿಯುತ್ತಾ ಕೂತ, ಸತ್ತುಹೋದ. ಅತ್ತೆ ಮನೆಯವರು ಇವಳ ಕಾಲ್ಗುಣ ಸರಿಯಿಲ್ಲ ಅಂದರು. ಮೇಸ್ತ್ರಿ ಬಸ್ಸಿನಲ್ಲಿ ಹೋಗಿ ಮಗಳನ್ನು ಕರೆದುಕೊಂಡು ಬಂದರು.

ರಜೆಗೆ ಊರಿಗೆ ಹೋದಾಗ ಲಲಿತ ನನಗೆ ಹೇಳಿದಳು. "ಬಂದಿದ್ ದಿನಾನೇ ಸಂಜೆ ಕಣೇ. ಒಲೆ ಮುಂದೆ ಕೂತಿದ್ದೆ. ಕೋಳಿ ಒಳಗ್ ನುಗ್ತು. ಅಪ್ಪ ಬಾಗ್ಲಲ್ಲಿದ್ದೋನು, ಆಚೆ ಹೋಗೇ ಮುಂಡೆ ಅಂದ. ನಾನು ಎದ್ದು ನಿಂತೆ."

"ಆಮೇಲೆ?" ಅಂದೆ.

"ಅಪ್ಪ ನನ್ ಮುಖ ನೋಡ್ದ. ಕೋಳಿ ಅಲ್ಲೇ ಬಿಟ್ಟು ಅಂಗಳಕ್ಕೆ ಹೋಗಿ ಕೂತ. ಉಣ್ಣೋಕೂ ಬರ್ಲಿಲ್ಲ."

ಮಾರನೆಯ ಬೆಳಿಗ್ಗೆ ಲೈನಿನ ಕಡೆಯಿಂದ ಕೂಗು ಬರಲಿಲ್ಲವಂತೆ. ಮೇಸ್ತ್ರಿಗೆ ಹುಷಾರಿಲ್ಲವೇನೋ ಎಂದು ಅಮ್ಮ ಅಪ್ಪನನ್ನು ಕಳಿಸಿ ನೋಡಿದರೆ, ಅವರು ಮನೆಯಿಂದ ಮನೆಗೆ ಹೋಗಿ ಬಾಗಿಲು ತಟ್ಟಿ ಜನರನ್ನು ಎಬ್ಬಿಸುತ್ತಿದ್ದರಂತೆ. ಆಣೆ ಪ್ರಮಾಣ ಏನೂ ಮಾಡಲಿಲ್ಲ, ಯಾರಿಗೂ ಕಾರಣ ಹೇಳಲಿಲ್ಲ. ಆ ಮಾತು ಬಿಟ್ಟರು. ಬಿಟ್ಟ ಮೇಲೆ ಗೊತ್ತಾಯಿತು ನೋಡಿ, ಅದನ್ನು ತೆಗೆದರೆ ಪಾಪ ಆ ಮನುಷ್ಯನ ಹತ್ತಿರ ಮಾತೇ ಉಳಿದಿರಲಿಲ್ಲ. ವಾಕ್ಯ ಶುರು ಮಾಡುವುದು, ನಡುವೆ ಆ ಪದ ಬರುವ ಜಾಗಕ್ಕೆ ಬಂದು ಗಕ್ಕನೆ ನಿಲ್ಲುವುದು, ಕೆಮ್ಮುವುದು, ತುಪುಕ್ಕೆಂದು ಎಲೆ ಅಡಿಕೆ ಉಗಿದು ಸುಮ್ಮನಾಗುವುದು. "ಬೇಗ... ಬೇಗ ಬನ್ರಮ್ಮ" ಎಂದು ಅವರು ಕರೆದಾಗ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಗಂಡಾಳುಗಳು, "ಏನ್ ಮೇಸ್ತ್ರಿ, ಸನ್ಯಾಸ ತಗೊಂಡ್ರಾ?" ಎಂದು ಕಾಡಿಸಿದರು. ಆಮೇಲೆ ನಗುವೂ ನಿಂತಿತು. ತೋಟದಲ್ಲಿ ಏನೋ ಕಳೆದುಹೋದ ಹಾಗೆ ಬಿಕೋ ಅನ್ನುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದರು.

ಬಿಟ್ಟವರು ಅವರೊಬ್ಬರೇ. ಬಸ್ಸಿನ ಕಂಡಕ್ಟರ್ ಬಿಡಲಿಲ್ಲ, ಅಂಗಡಿಯವರು ಬಿಡಲಿಲ್ಲ, ಟೈರು ಪಂಕ್ಚರ್ ಆದ ಜೀಪಿನವರು ಬಿಡಲಿಲ್ಲ. ಲಲಿತ ಎಲ್ಲಿ ಹೋದರೂ ಆ ಮಾತು ಅವಳಿಗಿಂತ ಮುಂಚೆ ಹೋಗಿ ನಿಂತಿರುತ್ತಿತ್ತು. "ನಿಮಗೆಲ್ಲ ಅದು ಬೈಗುಳ. ನಂಗೆ ಯಾರೋ ಹಿಂದಿನಿಂದ ಕರೆದ ಹಾಗಾಗ್ತದೆ" ಅನ್ನುತ್ತಿದ್ದಳು. ಸುಮ್ಮನೆ ಮನೆಯಲ್ಲಿ ಕೂರಲಾರದೆ ಅವಳೂ ಅಪ್ಪನ ಕೈಕೆಳಗೆ ತೋಟದ ಕೆಲಸಕ್ಕೆ ಬರತೊಡಗಿದಳು.

ಮುಂದಿನ ವರ್ಷ ಮಳೆಗಾಲ ಹಿಡಿಯುವ ಮುಂಚೆ ಮರಗಸಿ ನಡೆಯುತ್ತಿತ್ತು. ಕಾಫಿ ಗಿಡಕ್ಕೆ ಬಿಸಿಲು ಬೀಳಲಿ ಎಂದು ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ. ಗಂಡಾಳುಗಳು ಮೇಲೆ ಹತ್ತಿ ಕಡಿಯುತ್ತಾರೆ, ಬಿದ್ದ ಕೊಂಬೆಯ ಸೊಪ್ಪು ಕಾಫಿ ಗಿಡವನ್ನು ಮುಚ್ಚದ ಹಾಗೆ ಹೆಂಗಸರು ಕೆಳಗೆ ಕತ್ತಿ ಹಿಡಿದು ಬಿಡಿಸುತ್ತಾ ಹೋಗುತ್ತಾರೆ. ಮೇಲಿನವನ ಕೈ, ಕೆಳಗಿನವಳ ತಲೆ, ಎರಡರ ಮೇಲೂ ಮೇಸ್ತ್ರಿಯ ಕಣ್ಣಿರಬೇಕು. ಕೊಂಬೆ ಬರುತ್ತದೆ ಅಂದಾಗ ಒಂದು ಕೂಗು ಹಾಕಿ ಜನ ಸರಿಸುವುದು ಅವರ ಜವಾಬ್ದಾರಿ.

ನಾನು ಆ ದಿನ ಅಪ್ಪನ ಜೊತೆ ತೋಟಕ್ಕೆ ಹೋಗಿದ್ದೆ. ಮೇಲಿನ ದಾರಿಯಲ್ಲಿ ನಿಂತಿದ್ದೆವು. ಕೆಳಗೆ ಒಂದು ದೊಡ್ಡ ಅತ್ತಿಮರ. ಲಲಿತ ಅದರ ಬುಡದಲ್ಲಿ ಬಗ್ಗಿ ಗಿಡದೊಳಗೆ ಸಿಕ್ಕಿಕೊಂಡ ಕೊಂಬೆ ಎಳೆಯುತ್ತಿದ್ದಳು. ಮರದ ಮೇಲಿನವನು ಇನ್ನೂ ಅರ್ಧವಷ್ಟೇ ಕಡಿದಿದ್ದ, ಅಷ್ಟರಲ್ಲಿ ಕೊಂಬೆ ಒಳಗೇ ಪೊಳ್ಳಾಗಿತ್ತೋ ಏನೋ, ಲಟಲಟ ಎಂದು ಸೀಳಿಕೊಂಡು ಬಂತು. ಅವನು ಮೇಲಿಂದ ಹೋ ಎಂದ. ಲಲಿತ ತಲೆ ಎತ್ತಲಿಲ್ಲ.

ಮೇಸ್ತ್ರಿ ಅವಳಿಂದ ಸ್ವಲ್ಪವೇ ದೂರ ನಿಂತಿದ್ದರು. ಬಾಯಿ ತೆರೆದದ್ದು ನನಗೆ ಕಾಣಿಸಿತು. "ಏ..." ಅಂದರು. ಮತ್ತೆ "ಏ..." ಅಂದರು. ಗಂಟಲಿನ ನರ ಉಬ್ಬಿತು, ಮಾತು ಬರಲಿಲ್ಲ. ಮಗಳ ಹೆಸರು ಕೂಡ ಬರಲಿಲ್ಲ. ಆಮೇಲೆ ಒಂದು ವರ್ಷದಿಂದ ಗಂಟಲಲ್ಲಿ ಹಿಡಿದಿಟ್ಟದ್ದೆಲ್ಲ ಒಮ್ಮೆಲೇ ಹೊರಬಿತ್ತು.

"ಓಡೇ ಮುಂಡೇ!"

ಇಡೀ ಸಾಲಿನ ಹೆಂಗಸರು ಓಡಿದರು. ಲಲಿತ ಎಲ್ಲರಿಗಿಂತ ಮೊದಲು ಓಡಿದಳು. ಕೊಂಬೆ ಅವಳು ನಿಂತಿದ್ದ ಜಾಗದ ಕಾಫಿ ಗಿಡಗಳನ್ನು ನೆಲಕ್ಕೆ ಹಾಸಿ ಬಿತ್ತು. ಧೂಳು ಇಳಿದಾಗ ನೋಡಿದರೆ ಅವಳು ಮಾರು ದೂರದಲ್ಲಿ ಮುಗ್ಗರಿಸಿ ಕೂತಿದ್ದಳು, ಅಂಗೈ ತರಚಿತ್ತು, ಅಷ್ಟೆ. ಮೇಸ್ತ್ರಿ ಓಡಿ ಹೋಗಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು. ಕೈ ಮುಟ್ಟಲು ಹೋದವರು ಮುಟ್ಟಲಿಲ್ಲ. ಲಲಿತ ಅವರನ್ನು ಒಂದು ಕ್ಷಣ ನೋಡಿ, ಬಿದ್ದಿದ್ದ ಕತ್ತಿ ಎತ್ತಿಕೊಂಡು ಮನೆ ಕಡೆ ನಡೆದಳು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ನಮ್ಮ ಜನ ಮುಗಿಸಬೇಕಲ್ಲ! ಸಂಜೆಯೊಳಗೆ ಅದು ಕತೆಯಾಗಿತ್ತು. ಮೇಸ್ತ್ರಿಯ ಬೈಗುಳ ಮಗಳ ಜೀವ ಉಳಿಸಿತು ಎಂದು ಕೊಟ್ಟಿಗೆಹಾರದ ಹೋಟೆಲಿನವರೆಗೂ ಹೋಯಿತು. ಎಸ್ಟೇಟಿನ ಸಾಹುಕಾರರು ಮೇಸ್ತ್ರಿಯ ಬೆನ್ನು ತಟ್ಟಿ, "ನಿನ್ನ ಬಾಯಿ ಮುಚ್ಚಿಸೋಕೆ ಹೋಗ್ಬಾರ್ದು ಮಾರಾಯ" ಎಂದು ನಕ್ಕರು. ನಮ್ಮಪ್ಪ ಬಂದ ನೆಂಟರಿಗೆಲ್ಲ ಮೇಸ್ತ್ರಿಯ ದನಿ ಅನುಕರಿಸಿ ಹೇಳಿದರು. ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡಿದ್ದ ಪ್ರತಿಯೊಬ್ಬ ಗಂಡಸಿಗೂ ಅವತ್ತು ಸಮಾಧಾನವಾಯಿತು. ಯಾರಾದರೂ ಕತೆ ತೆಗೆದರೆ ಮೇಸ್ತ್ರಿ ಮಾತ್ರ ಎದ್ದು ಹೋಗುತ್ತಿದ್ದರು.

ನಾನು ಲಲಿತನಿಗೆ ಸಮಾಧಾನ ಹೇಳಲು ಹೋದೆ. ಗಾಬರಿಯಲ್ಲಿ ಬಂದ ಮಾತು, ಬೇಜಾರು ಮಾಡ್ಕೋಬೇಡ, ಹೇಗೋ ಜೀವ ಉಳಿಯಿತಲ್ಲ ಎಂದೆ. ಅವಳು ತಲೆ ಅಲ್ಲಾಡಿಸಿದಳು.

"ಅಪ್ಪನ ಮೇಲೆ ಸಿಟ್ಟಿಲ್ಲ ಕಣೇ. ಲಲಿತಾ ಅಂತ ಕರೆದಿದ್ರೆ ನಾನು ತಿರುಗಿ ಎಂತ ಅಂತ ಕೇಳ್ತಿದ್ದೆ, ಅಷ್ಟ್ರಲ್ಲಿ ಸತ್ತಿರ್ತಿದ್ದೆ. ಆ ಮಾತಿಗೆ ಕಾಲು ತಾನಾಗೇ ಓಡ್ತು. ಅಷ್ಟ್ ಜನ ಹೆಂಗಸ್ರಲ್ಲಿ ಎಲ್ಲರಿಗಿಂತ ಮೊದಲು ನಾನೇ ಓಡಿದ್ದು. ಅದು ನನ್ನ ಹೆಸರಾಗಿ ಹೋಗಿದೆ ಅಂತ ನನ್ ಕಾಲಿಗೇ ಗೊತ್ತಾಗಿದೆ ನೋಡು. ಇಲ್ಲೇ ಇದ್ರೆ ನಾನು ಇನ್ನು ಅದೇ ಆಗಿ ಹೋಗ್ತೀನಿ."

ಮಳೆ ಶುರುವಾಗುವಷ್ಟರಲ್ಲಿ ಅವಳು ಮೂಡಿಗೆರೆಗೆ ಹೋದಳು. ಹೊಲಿಗೆ ಕಲಿತಳು, ಸಣ್ಣದೊಂದು ಬಾಡಿಗೆ ಮನೆ ಹಿಡಿದಳು, ಬಾಗಿಲಲ್ಲಿ ಲಲಿತ ಲೇಡೀಸ್ ಟೈಲರ್ ಎಂದು ಬೋರ್ಡು ಬರೆಸಿದಳು. ಮೇಸ್ತ್ರಿ ಭಾನುವಾರದ ಬಸ್ಸಿಗೆ ಕಾಳುಮೆಣಸು, ಬಾಳೆಗೊನೆ, ಜೇನು, ಕೈಗೆ ಸಿಕ್ಕಿದ್ದು ಹೊತ್ತು ಹೋಗುತ್ತಿದ್ದರು. ಹೊಸ್ತಿಲ ಮೇಲೆ ಕೂತು ಮಗಳು ಮೆಷಿನ್ ತುಳಿಯುವುದನ್ನು ನೋಡುತ್ತಿದ್ದರು. ಮಾತು ಕಡಿಮೆ. ಉಂಡು, ಸಂಜೆ ಬಸ್ಸಿಗೆ ವಾಪಸು. ನನಗೆ ಚಿಕ್ಕಮಗಳೂರಿನಲ್ಲೇ ಹೈಸ್ಕೂಲು ಕೆಲಸ ಸಿಕ್ಕಿ, ಮದುವೆಯಾಗಿ, ವರ್ಷಗಳು ಹೀಗೇ ಹೋದವು.

ಅವರಿಗೆ ಲಕ್ವ ಹೊಡೆದ ಸುದ್ದಿ ಬಂದಾಗ ನಮ್ಮಪ್ಪನೂ ರಿಟೈರ್ ಆಗಿದ್ದರು. ಲಲಿತ ಮೇಸ್ತ್ರಿಯನ್ನು ಮೂಡಿಗೆರೆಯ ತನ್ನ ಮನೆಗೇ ತಂದು ಇಟ್ಟುಕೊಂಡಿದ್ದಳು. ನಾನು ನೋಡಲು ಹೋದೆ. ಮಂಚದ ಮೇಲೆ ಮೇಸ್ತ್ರಿ ಇನ್ನೂ ಸಣ್ಣಗಾಗಿದ್ದರು. ಬಲಗೈ ಬಲಗಾಲು ಬಿದ್ದಿತ್ತು, ಬಾಯಿ ಒಂದು ಕಡೆ ಎಳೆದಿತ್ತು. ನನ್ನನ್ನು ನೋಡಿ ಕಣ್ಣು ಅರಳಿತು. ಏನೋ ಹೇಳಲು ಹೊರಟರು. "ಮುಂ..." ಎಂದು ಬಂತು. ತಕ್ಷಣ ಎಡಗೈಯಿಂದ ತಮ್ಮ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡರು. ಕಣ್ಣಿಂದ ನೀರು ಇಳಿಯಿತು.

ಲಲಿತ ನನ್ನನ್ನು ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು. "ಎಲ್ಲ ಮಾತು ಹೋಗಿದೆ. ಅದೊಂದೇ ಉಳಿದಿರೋದು. ನೀರು ಅನ್ನೋಕೆ ಹೋದ್ರೂ ಅದೇ ಬರ್ತದೆ, ನೋವು ಅನ್ನೋಕೆ ಹೋದ್ರೂ ಅದೇ ಬರ್ತದೆ. ಹಿಂಗೂ ಕೆಲವರಿಗೆ ಆಗ್ತದಂತೆ, ದಿನಾ ಅಂದು ಅಂದು ರೂಢಿಯಾದ ಮಾತು ಮಾತ್ರ ಉಳಿಯೋದಂತೆ, ಡಾಕ್ಟ್ರು ಹೇಳಿದ್ರು. ಅದಕ್ಕೇ ಅಪ್ಪ ಬಾಯೇ ಬಿಡೋದಿಲ್ಲ. ಏನಾದ್ರೂ ಬೇಕಾದ್ರೆ ಗೋಡೆ ತಟ್ತಾನೆ."

ಹೊರಗೆ ಬಂದು ಅವರ ಕೈ ಬಾಯಿಂದ ಬಿಡಿಸಿ, "ಅನ್ನು ಅಪ್ಪ, ಪರ್ವಾಗಿಲ್ಲ, ಇಲ್ಲಿ ಯಾರಿದಾರೆ" ಅಂದಳು. ಅವರು ಹಟ ಹಿಡಿದ ಮಗುವಿನ ಹಾಗೆ ತಲೆ ಆಡಿಸಿದರು. ನಾನು ಹೊರಡುವಾಗ ಎಡಗೈಯನ್ನು ನನ್ನ ತಲೆಯ ಮೇಲಿಟ್ಟರು. ತುಟಿ ಬಿಗಿಯಾಗಿ ಮುಚ್ಚಿಯೇ ಇತ್ತು. ಅದೇ ಕೊನೆ.

ಆಷಾಢದ ಮಳೆ ಸ್ವಲ್ಪ ಬಿಟ್ಟಿದ್ದ ಒಂದು ಮಧ್ಯಾಹ್ನ ಲಲಿತ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಅವರು ಒಬ್ಬರೇ ಮಂಚದಿಂದ ಇಳಿಯಲು ಹೋಗಿದ್ದಾರೆ. ನೀರು ಬೇಕಾಗಿತ್ತೋ ಏನೋ, ಚೊಂಬು ಉರುಳಿತ್ತು. ಬಿದ್ದ ಏಟು ತಲೆಗೆ. ಅವಳು ಒಳಗೆ ಬರುವಷ್ಟರಲ್ಲಿ ಮುಗಿದಿತ್ತು.

ನಾನು ಹೋದಾಗ ಎಸ್ಟೇಟಿನ ಹಳಬರೆಲ್ಲ ಬಂದು ಮುಂದಿನ ಜಗಲಿಯಲ್ಲಿ ಕೂತಿದ್ದರು. ಅವರಲ್ಲೊಬ್ಬ ಮರಗಸಿಯ ಕತೆ ತೆಗೆದ. "ಏನ್ ಬಾಯಿ ಮಾರಾಯ್ರೇ ಅದು, ಜೀವ ಉಳಿಸಿದ ಬಾಯಿ!" ಅಂದ. ಸಾವಿನ ಮನೆಯೆಂಬುದನ್ನೂ ಮರೆತು ಒಂದಿಬ್ಬರು ಕಿಸಕ್ಕೆಂದರು. ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಹಿತ್ತಲಿಗೆ ಹೋದೆ.

ಲಲಿತ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. ಅವಳು ಹಿಂಬಾಗಿಲ ಕಡೆಗೇ ನೋಡುತ್ತಿದ್ದಳು.

"ಇಲ್ಲಿಂದ ಅಲ್ಲಿಗೆ ಎಷ್ಟ್ ದೂರ ಇದೆ ನೋಡು" ಅಂದಳು. "ಗೋಡೆ ತಟ್ಟಿದ್ರೆ ನೀರಿನ್ ಸದ್ದಲ್ಲಿ ಕೇಳ್ಸಲ್ಲ. ಕೂಗಿದ್ರೆ ಕೇಳ್ತಿತ್ತು. ಒಂದೇ ಒಂದ್ ಸಲ ಕೂಗಿದ್ರೆ ಸಾಕಿತ್ತು."

ಜಗಲಿಯಲ್ಲಿ ಮತ್ತೆ ಯಾರೋ ನಕ್ಕರು.

"ಆ ಮಾತಲ್ಲೇ ಕೂಗಿದ್ರೂ ಓಡಿ ಬರ್ತಿದ್ದೆ ಕಣೇ" ಎಂದಳು ಲಲಿತ. "ಕೂಗ್ಲೇ ಇಲ್ಲ ಅಪ್ಪ."